ಬಾಳತ್ತಿಯ ಕಣ್ಣಿಗೆ ಬರೆದ ಹಕ್ಕಿಗಳು

ಮೊನ್ನೆ ಗೋಡೆಯ ಮಾಡದಲ್ಲಿ ಸೂಜಿ ಹುಡುಕುತ್ತಿದ್ದಾಗ ನನ್ನ ಹಳೆಯ ಈಚಲ ಕಡ್ಡಿ ಕೈಗೆ ಬಂತು. ನಿಮಗೆ ಅದು ಕಡ್ಡಿ, ನನಗೆ ಕುಂಚ. ಈಚಲ ಗರಿಯ ದಂಟನ್ನು ಗೇಣುದ್ದ ಕತ್ತರಿಸಿ, ಒಂದು ತುದಿಯನ್ನು ಕಲ್ಲಿನ ಮೇಲಿಟ್ಟು ಜಜ್ಜಿದರೆ ನಾರು ಬಿಚ್ಚಿಕೊಂಡು ಕಸಬರಿಗೆಯ ಮರಿಯಂತೆ ಆಗುತ್ತದೆ. ಅದನ್ನು ಸುಣ್ಣದಲ್ಲಿ ಅದ್ದಿ ಗೋಡೆಗೆ ಎಳೆದರೆ ಹೆಬ್ಬೆರಳಿನಷ್ಟು ದಪ್ಪದ ಗೆರೆ ಬೀಳುತ್ತದೆ. ನನ್ನ ಹೆಂಡತಿ ನೀಲವ್ವ ಇದನ್ನು ಒಲೆಗೆ ಹಾಕಲು ಎಷ್ಟೋ ಸಲ ನೋಡಿದ್ದಾಳೆ. ಅವಳನ್ನು ಬೈಯುವಂತಿಲ್ಲ. ಒಲೆಯ ಕಡ್ಡಿಗೂ ಚಿತ್ರಕಾರನ ಕುಂಚಕ್ಕೂ ಫರಕು ಕಾಣುವಂತೆ ನಾನು ಎಂದೂ ಬದುಕಿದವನಲ್ಲ.

ಮಾಸಪತ್ರಿಕೆಗಳಲ್ಲಿ ನನ್ನ ಹಕ್ಕಿಗಳನ್ನು ನೋಡಿದವರು ಇವತ್ತಿಗೂ ಕೇಳುವುದುಂಟು: “ನಿಮ್ಮ ಗೆರಿ ಅಷ್ಟ ದಪ್ಪ ಯಾಕ್ರಿ? ಮುಂಬೈದಾಗ ಕಲ್ತ್ರೇನು?” ಕೇಳುವವರ ಮುಖದಲ್ಲಿ ಇಂಥ ಮರ್ಯಾದೆ ಇದ್ದಾಗ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಸುಮ್ಮನೆ ನಕ್ಕುಬಿಡುತ್ತೇನೆ. ಖರೆ ಹೇಳಬೇಕೆಂದರೆ ನಾನು ಮುಂಬೈ ಕಂಡವನೇ ಅಲ್ಲ. ನನ್ನ ದಪ್ಪ ಗೆರೆ ಹುಟ್ಟಿದ್ದು ತುಕ್ಕಾನಟ್ಟಿಯಲ್ಲಿ, ನನ್ನ ಸೋದರತ್ತೆ ಬಾಳವ್ವನ ಹಿತ್ತಲಿನಲ್ಲಿ. ಯಾಕೆ ಹುಟ್ಟಿತು ಅನ್ನುವುದನ್ನು ಹೇಳಲು ಸ್ವಲ್ಪ ಸುತ್ತಿ ಬರಬೇಕು. ಅವಸರವಿಲ್ಲದಿದ್ದರೆ ಕುಳಿತುಕೊಳ್ಳಿ.

ಮೊದಲು ನನ್ನ ಉದ್ಯೋಗದ ಮಾತು. ಅದು ಉದ್ಯೋಗವೇ ಹೌದೋ ಅಲ್ಲವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಎಂದೂ ಮುಗಿಯಲಿಲ್ಲ. ಗೋಕಾವಿಯ ಪೇಟೆಯಲ್ಲಿ ನಮ್ಮಪ್ಪನದು ಕಾಳಿನ ಅಂಗಡಿ. ನಾನು ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಕುಳಿತು ಚಿತ್ರ ತೆಗೆಯುತ್ತಿದ್ದೆ. ಯಾರ ಕೈಕೆಳಗೂ ಇರಲಿಲ್ಲ, ಹೀಗಾಗಿ ಯಾರ ಪಗಾರವೂ ಬರುತ್ತಿರಲಿಲ್ಲ. ನೇಕಾರರು ಬಂದರೆ ಸೀರೆಯ ಅಂಚಿಗೆ ತೊಗರಿ ಹೂವಿನ ಸಾಲು ಬರೆದುಕೊಟ್ಟೆ. ಊದಿನಕಡ್ಡಿ ಮಾಡುವವರು ಬಂದರೆ ಪುಡಿಕೆಯ ಮೇಲೆ ಸಂಪಿಗೆ ಬರೆದೆ. ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಚೀಲದ ಮೇಲೆ ಅಚ್ಚು ಹಾಕಲು ಚಿತ್ರ ಕೇಳಿದರು. ಮೂರು ಸಂಜೆ ಪೇರಲ ಗಿಡದ ಕೆಳಗೆ ಕುಳಿತು, ಗಿಣಿಯೊಂದು ಕತ್ತು ಓರೆ ಮಾಡಿ ಕಾಯಿ ಹಿಡಿದದ್ದನ್ನು ನೋಡಿ ಬರೆದುಕೊಟ್ಟೆ. ಅವರು ಬಹಳ ಹೊತ್ತು ನೋಡಿ ಹೇಳಿದರು: “ಗಿಣಿ ಛಲೋ ಐತ್ರಿ. ಆದ್ರ ಅದನ್ನ ಜರಾ ಸಣ್ಣದ ಮಾಡಿ ಮೆಣಸಿನಕಾಯಿ ದೊಡ್ಡದ ಮಾಡ್ರಿ. ನಾವು ಮಾರೂದು ಗಿಣಿ ಅಲ್ಲ.”

ಹುಕ್ಕೇರಿಗೆ ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ಮಾವನಾಗಬೇಕಾದವರು ಮೀಸೆ ತೀಡುತ್ತ ಕೇಳಿದರು, “ಏನ ಮಾಡ್ತೀರಿ?”

“ಚಿತ್ರಾ ತಗೀತೇನ್ರಿ.”

“ಅದು ಹೌದ್ರಿ. ಉದ್ಯೋಗಾ ಏನು?”

ನಮ್ಮಪ್ಪ ನಡುವೆ ಬಾಯಿ ಹಾಕಿ, “ಕಾಳಿನ ಅಂಗಡಿ ಐತ್ರಿ ನಮ್ದು,” ಅಂದು ನನ್ನ ಮದುವೆ ಉಳಿಸಿದ. ಅಷ್ಟರಲ್ಲಿ ಹುಡುಗಿ ಬಂದು ಕುಳಿತಿದ್ದಳು. ಅವಳ ತಲೆಯ ಮೇಲಿನ ಜಂತಿಯಲ್ಲಿ ಗುಬ್ಬಿಯೊಂದು ಗೂಡು ಕಟ್ಟುತ್ತಿತ್ತು. ಬಾಯಲ್ಲಿ ತನಗಿಂತ ಉದ್ದದ ಹುಲ್ಲು ಹಿಡಿದು, ಒಳಗೆ ಹೋಗಲಾರದೆ, ಹೊರಗೂ ಬರಲಾರದೆ ಒದ್ದಾಡುತ್ತಿತ್ತು. ನಾನು ಅದನ್ನೇ ನೋಡುತ್ತ ಕುಳಿತೆ. ಮದುವೆಯಾದ ಮೇಲೆ ನೀಲವ್ವ ಅಂದಳು, “ಅವತ್ತ ನೀವು ನನ್ನ ನೋಡೇ ಇಲ್ಲರಿ.”

“ನೋಡೀನಿ.”

“ಹಂಗಾರ ನಾ ಯಾವ ಬಣ್ಣದ ಸೀರಿ ಉಟ್ಟಿದ್ನಿ?”

“ಗುಬ್ಬಿ ಬಣ್ಣದ್ದು,” ಅಂದೆ. ಅವಳು ನಕ್ಕಳು. ಅಲ್ಲಿಂದ ನಮ್ಮ ಸಂಸಾರ ಸುರು ಆಯಿತು.

ಆ ದಿನಗಳಲ್ಲಿ ನನ್ನ ಗೆರೆ ಕೂದಲಿಗಿಂತ ಸಣ್ಣದಿತ್ತು. ಅದೇ ನನ್ನ ಅಭಿಮಾನ. ಲೇಖನಿಯ ಸಣ್ಣ ಟಾಕು ಹಿಡಿದು ಗುಬ್ಬಿಯ ಮೈಮೇಲಿನ ಒಂದೊಂದು ಪುಕ್ಕವನ್ನೂ ಬಿಡಿಸಿ ಬರೆಯುತ್ತಿದ್ದೆ. ಬೆಳಗಾವಿಯಲ್ಲಿ ಒಂದು ಮಾಸಪತ್ರಿಕೆಯ ಸಂಪಾದಕರು ಆಗೀಗ ನನ್ನ ಚಿತ್ರ ತೆಗೆದುಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ, ನಶ್ಯದ ಡಬ್ಬಿ ಕೈಬಿಟ್ಟು ಎಂದೂ ಮಾತಾಡಿದವರಲ್ಲ. ಒಮ್ಮೆ ಹೋದಾಗ ಅಚ್ಚಾದ ಪುಟವನ್ನು ನನ್ನ ಮುಂದೆ ಹಿಡಿದರು. “ಗುರುಪಾದಪ್ಪನವರ, ನೀವು ಗುಬ್ಬಿ ಕಳಿಸಿದ್ರಿ. ಅಚ್ಚಿನಾಗ ಕುಳ್ಳ ಬಂದೈತಿ, ನೋಡ್ರಿ.” ನೋಡಿದೆ. ನನ್ನ ಅಷ್ಟೂ ಪುಕ್ಕಗಳು ಮಸಿಯಲ್ಲಿ ಕಲಸಿಹೋಗಿ, ಬಿಸಿಲಿಗೆ ಹಾಕಿದ ಸಗಣಿ ಕುಳ್ಳಿನಂತೆ ದುಂಡಗೆ ಕುಳಿತಿದ್ದವು. ಕಾಗದ ಕೆಟ್ಟದ್ದು ಎಂದು ಅವರು, ಅಚ್ಚಿನವರು ಕೆಟ್ಟವರು ಎಂದು ನಾನು. ಇಬ್ಬರೂ ಚಹಾ ಕುಡಿದು ಬೇರೆಯಾದೆವು.

ಇನ್ನು ಬಾಳತ್ತಿ.

ನನ್ನವ್ವ ನಾನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಳು. ಅಪ್ಪ ನನ್ನನ್ನು ಕಂಬಳಿಯಲ್ಲಿ ಸುತ್ತಿ ತುಕ್ಕಾನಟ್ಟಿಗೆ ಒಯ್ದು ತನ್ನ ತಂಗಿಯ ಉಡಿಯಲ್ಲಿ ಹಾಕಿ ಬಂದ. ಬಾಳತ್ತಿಗೆ ಮಕ್ಕಳಿರಲಿಲ್ಲ. ಆಕೆಯ ಗಂಡ, ನನ್ನ ಮಾಮಾ, ಸಣ್ಣ ವಯಸ್ಸಿನಲ್ಲೇ ತೀರಿಹೋಗಿದ್ದ. ಒಂದು ಹೊಲ, ಒಂದು ಜೋಡಿ ಎತ್ತು, ಹೊಲ ಪಾಲಿಗೆ ಮಾಡುವ ಸಿದ್ರಾಮ, ಇಷ್ಟೇ ಆಕೆಯ ಸಂಸಾರ. ಅದರಲ್ಲಿ ನಾನೊಬ್ಬ ಸೇರಿಕೊಂಡೆ. ಗೋಕಾವಿಯ ಶಾಲೆಗೆ ಹೋಗುವತನಕ ಅಲ್ಲೇ ಬೆಳೆದೆ.

ಒಂದು ಹಬ್ಬದ ಮುಂದೆ ಆಕೆ ಪಡಸಾಲೆಯ ಗೋಡೆಗೆ ಕೆಮ್ಮಣ್ಣು ಸಾರಿಸಿ, ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದಳು. ನಾನು ಒಲೆಯಿಂದ ಇದ್ದಲಿ ತಂದು ಆ ಹಸಿ ಗೋಡೆಯ ಮೇಲೆ ಒಂದು ಎತ್ತು ಬರೆದೆ. ಕೋಡು ಇತ್ತು, ಕಾಲು ಬೇಕಾದ್ದಕ್ಕಿಂತ ಜಾಸ್ತಿ ಇದ್ದವು. ಬಾಳತ್ತಿ ಬಂದು ನಿಂತಳು. ಬೆನ್ನಿಗೆ ಗುದ್ದು ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಆಕೆ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು, “ನಮ್ಮ ಗುರ್ಯಾ ಎತ್ತ ಕಟ್ಟ್ಯಾನ, ನೋಡ ಬರ್ರೆ!” ಹೆಂಗಸರೆಲ್ಲ ಬಂದು ನೋಡಿ ಹೋದರು. ಅವರು ಹೋದ ಮೇಲೆ ಆಕೆ ಒಂದು ಹಿಡಿ ಜೋಳದ ಕಣಿಕೆ ತಂದು ಗೋಡೆಯ ಬುಡಕ್ಕೆ, ಎತ್ತಿನ ಬಾಯಿಯ ಕೆಳಗೆ ಇಟ್ಟಳು. “ಹಸದೀತು, ಪಾಪ,” ಅಂದಳು. ಮುಖದಲ್ಲಿ ನಗು ಇರಲಿಲ್ಲ. ಆ ಮಧ್ಯಾಹ್ನವೆಲ್ಲ ಎತ್ತು ತಿನ್ನುತ್ತದೆಯೇ ಎಂದು ಕಾಯುತ್ತ ಕುಳಿತ ನೆನಪು ನನಗೆ ಇನ್ನೂ ಇದೆ. ಚಿತ್ರಕಾರನಾಗಬೇಕೆಂದು ನಾನು ಯಾವಾಗ ತೀರ್ಮಾನ ಮಾಡಿದೆ ಎಂದು ಯಾರಾದರೂ ಕೇಳಿದರೆ ಆ ಹಿಡಿ ಕಣಿಕೆಯನ್ನು ತೋರಿಸಬೇಕು.

ದೊಡ್ಡವನಾದ ಮೇಲೂ ಹೊಸ ಚಿತ್ರ ಬರೆದಾಗಲೆಲ್ಲ ತುಕ್ಕಾನಟ್ಟಿಗೆ ಒಯ್ಯುತ್ತಿದ್ದೆ. ಬಾಳತ್ತಿ ಕೈ ಒರೆಸಿಕೊಂಡು, ಬಾಗಿಲ ಬೆಳಕಿಗೆ ಹಿಡಿದು, ತುಟಿ ಒತ್ತಿಕೊಂಡು ನೋಡುತ್ತಿದ್ದಳು. ಚಿತ್ರ ಹೇಗಿದೆ ಎಂದು ಎಂದೂ ಹೇಳಿದವಳಲ್ಲ. ಹಕ್ಕಿ ಹೇಗಿದೆ ಎಂದು ಹೇಳುತ್ತಿದ್ದಳು. “ಇದಕ್ಕ ನೀರಡಿಸೈತಿ.” “ಇದು ಮರಿಗೆ ಅಂಜಾಕತ್ತೈತಿ ನೋಡ, ಬೆಕ್ಕ ಎಲ್ಲ್ಯರ ಐತೇನೋ.” “ಈ ಬೆಳವಾ ಮುದುಕ ಐತೋ, ಬಿಡ, ಅದನ್ನ ಕಾಡಬ್ಯಾಡ.” ಮನೆಗೆ ಬಂದು ಚಿತ್ರವನ್ನು ಮತ್ತೆ ನೋಡಿದರೆ ಆಕೆ ಹೇಳಿದ್ದು ಸರಿಯೇ ಇರುತ್ತಿತ್ತು. ಬರೆಯುವಾಗ ನನಗೆ ತಿಳಿಯದೇ ನಾನು ಬರೆದದ್ದನ್ನು ಆಕೆ ಓದುತ್ತಿದ್ದಳು.

ಎರಡನೇ ಮಹಾಯುದ್ಧ ಸುರುವಾದ ಹೊಸತು. ಒಂದು ಚಳಿಗಾಲದ ಮುಂಜಾನೆ ನಾನೂ ನೀಲವ್ವನೂ ತುಕ್ಕಾನಟ್ಟಿಗೆ ಹೋಗಿದ್ದೆವು. ಗೀಜಗ ಹಕ್ಕಿ ಗೂಡು ನೇಯುವ ಚಿತ್ರ ಒಯ್ದಿದ್ದೆ. ಹುಲ್ಲಿನ ಒಂದೊಂದು ಎಳೆಯನ್ನೂ ಬಿಡಿಸಿದ್ದೆ, ಕಣ್ಣು ನೋವು ಬಂದಿತ್ತು. ಬಾಳತ್ತಿ ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದು ನೋಡಿದಳು.

“ಛಲೋ ಐತಿ,” ಅಂದಳು.

ಮತ್ತೇನಾದರೂ ಹೇಳುತ್ತಾಳೆಂದು ಕಾದೆ. “ಭಾಳ ಛಲೋ ಐತಿ,” ಅಂದು ಕೊಟ್ಟುಬಿಟ್ಟಳು.

ನನಗೆ ಮೊದಲು ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ಬರೆದದ್ದು ಸತ್ತು ಬಿದ್ದಿದೆ, ಅದಕ್ಕೇ ಆಕೆಗೆ ಹಕ್ಕಿಯ ಸುದ್ದಿ ಹೊಳೆಯಲಿಲ್ಲ ಅಂದುಕೊಂಡೆ. ಚಿತ್ರಕಾರರ ಮನಸ್ಸು ಹೀಗೆಯೇ, ಎಲ್ಲವನ್ನೂ ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ತಿರುಗಿ ಬರುವಾಗ ಚಕ್ಕಡಿಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದೆ. ನೀಲವ್ವ ಮೆಲ್ಲಗೆ ಹೇಳಿದಳು, “ಅತ್ತೀಗೆ ಕಾಣವಲ್ದರಿ.”

“ಏನ ಕಾಣವಲ್ದು?”

“ಏನೂ. ಮಜ್ಜಿಗಿ ಹಾಕುವಾಗ ವಾಟಗದಾಗ ಬೆರಳಿಟ್ಟ ಹಾಕಿದ್ರು. ಅಕ್ಕಿ ಆರಿಸುವಾಗ ಮೋರೆ ಮ್ಯಾಲೆತ್ತಿ ಕುಂತಿದ್ರು. ನೀವು ಚಿತ್ರ ಕೊಟ್ರಿ, ಅವರು ಹಿಂದಿನ ಬಾಜೂ ನೋಡಿ ಕೊಟ್ರು.”

ಮುಂದಿನ ವಾರವೇ ಒಬ್ಬನೇ ಹೋಗಿ ಕೇಳಿದೆ. ಬಾಳತ್ತಿ ಒಪ್ಪಲಿಲ್ಲ. “ಮಬ್ಬ ಬಂದೈತಿ ಅಷ್ಟ. ಮುಂಜಾನಿ ಮಂಜ ಬೀಳೂದಿಲ್ಲೇನು? ಹಂಗ.” ಮಿರಜಿಯಲ್ಲಿ ಕಣ್ಣಿನ ಪೊರೆ ತೆಗೆಯುವ ಡಾಕ್ಟರರಿದ್ದಾರೆ, ಹೋಗೋಣ ಅಂದೆ. ಆಕೆ ಎದ್ದು ಎಮ್ಮೆಗೆ ನೀರು ತೋರಿಸಲು ಹೋದಳು. ಮತ್ತೆ ಅಂದೆ. “ಕಣ್ಣಾಗ ಕತ್ತರಿ ಹಾಕಿಸ್ಕೊಳ್ಳೂದಕ್ಕಿಂತ ನನ್ನ ಮಬ್ಬ ನನಗ ಛಲೋ. ಅದರ ಸುದ್ದಿ ಎತ್ತಬ್ಯಾಡ, ಗುರ್ಯಾ,” ಅಂದಳು. ಆಕೆಯ ದನಿಯಲ್ಲಿ ಅಂಥ ಗಡುಸು ನಾನು ಅದುವರೆಗೆ ಕೇಳಿರಲಿಲ್ಲ.

ಕಣ್ಣನ್ನು ಚಿತ್ರದ ಕಡೆಗೆ ತರಲಾಗದಿದ್ದರೆ ಚಿತ್ರವನ್ನೇ ಕಣ್ಣಿನ ಕಡೆಗೆ ಒಯ್ಯಬೇಕು, ನನಗೆ ಹೊಳೆದದ್ದು ಇಷ್ಟೇ. ಮುಂದಿನ ಸಲ ಅಂಗೈಯಗಲದ ಹಕ್ಕಿಯನ್ನು ಮೊರದಗಲ ಬರೆದು ಒಯ್ದೆ. ಆಕೆ ನೋಡಿ, “ಏನೋ ಕರ್ರಗ ಐತಿ,” ಅಂದಳು. ಇನ್ನೂ ದೊಡ್ಡದು ಬರೆದೆ. ಕಾಗದ ಸಾಲಲಿಲ್ಲ. ಯುದ್ಧದ ಕಾಲ, ಕಾಗದ ಸಿಗುವುದೇ ಕಷ್ಟ. ಒಂದು ದಿನ ಆಕೆಯ ಹಿತ್ತಲಿನಲ್ಲಿ ನಿಂತು ಸುತ್ತ ನೋಡಿದೆ. ಎದುರುಬದುರು ಎರಡು ಗೋಡೆಗಳಿದ್ದವು, ಮನೆಯ ಹಿಂಗೋಡೆ, ದನದ ಮನೆಯ ಗೋಡೆ. ಎರಡಕ್ಕೂ ಕೆಮ್ಮಣ್ಣು ಬಳಿದಿತ್ತು. ಬಗಲಲ್ಲೇ ಈಚಲ ಗಿಡ. ಮಡಕೆಯಲ್ಲಿ ಸುಣ್ಣ.

ಮನೆಯ ಹಿಂಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಬೆಳವ ಹಕ್ಕಿ ಬರೆದೆ, ಕರುವಿನಷ್ಟು ದೊಡ್ಡದು. ಜಜ್ಜಿದ ಈಚಲ ಕಡ್ಡಿಯಿಂದ ಪುಕ್ಕ ಬಿಡಿಸುವುದು ಎಲ್ಲಿಂದ ಬಂತು? ಕತ್ತಿಗೆ ಒಂದು ಗೆರೆ, ಬೆನ್ನಿಗೆ ಒಂದು, ಬಾಲಕ್ಕೆ ಒಂದು. ಸಿದ್ರಾಮ ಮೇವು ಹೊತ್ತು ಬಂದವನು ನಿಂತುಬಿಟ್ಟ. “ಇದೇನ್ರಿ ಅಣ್ಣಾರ?”

“ಬೆಳವ.”

“ಇಂಥಾದ್ದೊಂದ ಬಂದ್ರ ಹೊಲದಾಗ ಒಂದ ಕಾಳ ಉಳಿಯೂದಿಲ್ಲ ಬಿಡ್ರಿ,” ಅಂದು ಹೋದ.

ಬಾಳತ್ತಿಯನ್ನು ಕೈಹಿಡಿದು ಕರೆತಂದು ಗೋಡೆಯ ಮುಂದೆ ಕಲ್ಲಿನ ಮೇಲೆ ಕೂಡಿಸಿದೆ. ಬಿಸಿಲು ನೇರ ಗೋಡೆಗೆ ಬೀಳುತ್ತಿತ್ತು. ಆಕೆ ಕತ್ತನ್ನು ಅತ್ತ ಹೊರಳಿಸಿದಳು, ಇತ್ತ ಹೊರಳಿಸಿದಳು. ಒಂದು ಕಣ್ಣು ಮುಚ್ಚಿದಳು. ಬಹಳ ಹೊತ್ತಿನ ಮೇಲೆ ಅಂದಳು, “ಇದು ಯಾರನ್ನೋ ಕರ್ಯಾಕತ್ತೈತಿ. ಅವರು ಬರವಲ್ರು.”

ನಾನು ಗೋಡೆಯ ಕಡೆ ತಿರುಗಿ ನಿಂತುಕೊಂಡೆ. ಸುಣ್ಣ ಕಣ್ಣಿಗೆ ಸಿಡಿದಿದೆ ಎಂದು ಮತ್ತೆ ಬಂದ ಸಿದ್ರಾಮನಿಗೆ ಹೇಳಿದ ನೆನಪು.

ಹೀಗೆ ಎರಡು ವರ್ಷ ನಡೆಯಿತು. ಹೋದಾಗಲೆಲ್ಲ ಗೋಡೆಗೊಂದು ಹಕ್ಕಿ. ಮಳೆಗಾಲದಲ್ಲಿ ಅವು ತೊಳೆದುಹೋಗುತ್ತಿದ್ದವು. ಮತ್ತೆ ಕೆಮ್ಮಣ್ಣು ಬಳಿದು ಮತ್ತೆ ಬರೆಯುತ್ತಿದ್ದೆ. ಆಕೆಯ ಮಬ್ಬು ಹೆಚ್ಚಿದಷ್ಟೂ ನನ್ನ ಗೆರೆ ದಪ್ಪವಾಗುತ್ತಿತ್ತು, ಗೆರೆಗಳ ಎಣಿಕೆ ಕಡಿಮೆಯಾಗುತ್ತಿತ್ತು. ಕಾಗೆಯಲ್ಲಿ ಏನನ್ನು ಬಿಟ್ಟರೂ ಕಾಗೆ ಉಳಿಯುತ್ತದೆ, ಏನನ್ನು ಬಿಟ್ಟರೆ ಅದು ಕೋಗಿಲೆಯಾಗಿಬಿಡುತ್ತದೆ? ಬೆಳ್ಳಕ್ಕಿ ನಿಂತಿರುವಾಗ ಅದರ ಸಹನೆಯೆಲ್ಲ ಎಲ್ಲಿರುತ್ತದೆ, ಕತ್ತಿನಲ್ಲೋ ಕಾಲಿನಲ್ಲೋ? ಇಂಥ ಪ್ರಶ್ನೆಗಳು ನನಗೆ ಮೊದಲು ಎಂದೂ ಬಂದಿರಲಿಲ್ಲ. ಮಸಗುಪ್ಪಿಯ ಕಡೆಗೆ ನದಿಯ ದಂಡೆಯಲ್ಲಿ ಗಂಟೆಗಟ್ಟಲೆ ಕುಳಿತು ಬರೀ ಬೆಳ್ಳಕ್ಕಿ ನೋಡಿ ಬರುತ್ತಿದ್ದೆ, ಒಂದು ಗೆರೆಯನ್ನೂ ಹಾಕದೆ. ನಮ್ಮಪ್ಪ ನೀಲವ್ವನನ್ನು ಕೇಳುತ್ತಿದ್ದ, “ನಿನ್ನ ಗಂಡ ಈಗ ಚಿತ್ರಾನೂ ತಗ್ಯಾಂಗಿಲ್ಲೇನು?”

ನಡುವೆ ಸಂಪಾದಕರಿಂದ ಅವಸರದ ಹೇಳಿಕೆ ಬಂತು, ನಾಳೆಯೇ ಒಂದು ಪುಟಕ್ಕೆ ಚಿತ್ರ ಬೇಕೆಂದು. ಟಾಕಿನಲ್ಲಿ ಬಿಡಿಸುತ್ತ ಕೂಡಲು ಹೊತ್ತಿರಲಿಲ್ಲ. ಈಚಲ ಕಡ್ಡಿಯನ್ನೇ ಮಸಿಯಲ್ಲಿ ಅದ್ದಿ, ಬಾಳತ್ತಿಗೆ ಬರೆಯುವಂತೆ ಒಂದು ಬೆಳ್ಳಕ್ಕಿ ಬರೆದು ಕಳಿಸಿದೆ. ಬೈಗುಳ ಬರುತ್ತದೆಂದುಕೊಂಡಿದ್ದೆ. ಆಮೇಲೆ ಬೆಳಗಾವಿಗೆ ಹೋದಾಗ ಆ ಮನುಷ್ಯ ನಶ್ಯದ ಡಬ್ಬಿ ಕೆಳಗಿಟ್ಟು ಎದ್ದು ನಿಂತರು. “ಎಲ್ಲಿ ಕಲ್ತ್ರಿ ಇದನ್ನ? ಈ ಹೊಲಸ ಕಾಗದದ ಮ್ಯಾಲ ಮೊದಲನೇ ಸಲ ಒಂದ ಹಕ್ಕಿ ಹಕ್ಕಿ ಆಗಿ ಬಂದೈತಿ.” ಅಂದಿನ ಒರಟು ಕಾಗದ ಸಣ್ಣ ಗೆರೆಯನ್ನೆಲ್ಲ ಕುಡಿದುಬಿಡುತ್ತಿತ್ತು, ದಪ್ಪ ಗೆರೆ ಮಾತ್ರ ಉಳಿಯುತ್ತಿತ್ತು. ಅದರಿಂದ ನನಗೆ ಕೈತುಂಬ ಕೆಲಸ ಬಂತು. ಧಾರವಾಡದಿಂದಲೂ ಕೇಳಿಬಂದರು. ಹೊಸ ಶೈಲಿ, ಹೊಸ ಶೈಲಿ ಎಂದರು. ಕಣ್ಣು ಮಬ್ಬಾದ ಒಬ್ಬ ಹೆಣ್ಣುಮಗಳಿಗಾಗಿ ಬರೆದದ್ದು ಎಂದು ಹೇಳಿದ್ದರೆ ಶೈಲಿಯ ಗೌರವ ಹೋಗುತ್ತಿತ್ತೋ ಏನೋ. ಹೇಳಲಿಲ್ಲ.

ಆ ಸಂತೋಷದಲ್ಲಿ ತುಕ್ಕಾನಟ್ಟಿಗೆ ಹೋಗಿ ದನದ ಮನೆಯ ಗೋಡೆಯ ಮೇಲೆ ಒಂದು ನವಿಲು ಬರೆದೆ. ಮನೆಯ ಹಿಂಗೋಡೆಗೆ ಆಗಷ್ಟೇ ಕೆಮ್ಮಣ್ಣು ಬಳಿದಿದ್ದು ಒಣಗಿರಲಿಲ್ಲ, ಅದಕ್ಕೇ ಈ ಗೋಡೆ. ನವಿಲು ಈ ತುದಿಯಿಂದ ಆ ತುದಿಯವರೆಗೆ ಬಂತು. ಇಷ್ಟು ದೊಡ್ಡದನ್ನು ನಾನು ಎಂದೂ ಬರೆದಿರಲಿಲ್ಲ. ನೀಲವ್ವ ಸುಣ್ಣದ ಮಡಕೆ ಹಿಡಿದು ನಿಂತಿದ್ದಳು. ಮುಗಿದ ಮೇಲೆ, “ಅತ್ತಿ, ಬಾ,” ಎಂದು ಕೂಗಿದೆ.

ಬಾಳತ್ತಿ ಹಿತ್ತಲ ಬಾಗಿಲಿಂದ ತಾನೇ ಬಂದಳು. ಗೋಡೆ ಹಿಡಿದು ಬಂದು, ಕಾಲಿಂದ ತಡವಿ, ತನ್ನ ಎಂದಿನ ಕಲ್ಲಿನ ಮೇಲೆ ಕುಳಿತಳು. ಎಂದಿನಂತೆ ಮನೆಯ ಹಿಂಗೋಡೆಗೆ ಮುಖ ಮಾಡಿ. ಆ ಗೋಡೆಯ ಮೇಲೆ ಹಸಿ ಕೆಮ್ಮಣ್ಣಿನ ಹೊರತು ಏನೂ ಇರಲಿಲ್ಲ. ಕತ್ತು ಅತ್ತ ಹೊರಳಿಸಿದಳು, ಇತ್ತ ಹೊರಳಿಸಿದಳು.

“ನವಲಲ್ಲೇನು? ನೀ ಹೋದ ಸಲಾನ ಅಂದಿದ್ದೆಲ್ಲ, ನವಲ ಬರೀತೇನಂತ,” ಅಂದಳು. “ಮಳಿ ಬರ್ತೈತಂತ ಅದಕ್ಕ ಗೊತ್ತಾಗೇತಿ. ಕುಣ್ಯಾಕ ನಿಂತೈತಿ, ನೋಡ.”

ಹೌದೆನ್ನಲೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ನೀಲವ್ವ ಮಡಕೆ ಕೆಳಗಿಟ್ಟಳು. ಹೋಗಿ ಬಾಳತ್ತಿಯ ಮುಂದೆ ನೆಲಕ್ಕೆ ಕುಳಿತು ಆಕೆಯ ಎರಡೂ ಕೈ ಹಿಡಿದುಕೊಂಡಳು.

“ಅತ್ತಿ, ನವಲು ನಿಮ್ಮ ಬೆನ್ನಿಗೈತಿ.”

ಬಾಳತ್ತಿ ತಿರುಗಿ ನೋಡಲಿಲ್ಲ. ಯಾಕೆ ನೋಡುತ್ತಾಳೆ? ಸೆರಗಿನಿಂದ ಮೂಗು ಒರೆಸಿಕೊಂಡಳು.

“ಯಾವಾಗಿಂದ, ಅತ್ತಿ?” ನೀಲವ್ವ ಕೇಳಿದಳು.

“ದಸರಾದಿಂದ. ಬೆಳಕ ಆತು, ಕತ್ತಲಿ ಆತು, ಅಷ್ಟ ತಿಳಿತೈತಿ.”

“ಮತ್ತ ಮಿರಜಿಗೆ ಯಾಕ ಬ್ಯಾಡಂದ್ರಿ? ಕತ್ತರೀಗೆ ಅಂಜಿದ್ರೇನು?”

“ಕತ್ತರೀಗೆ ಎದಕ ಅಂಜಲೆವ್ವಾ, ಈ ವಯಸ್ಸಿನಾಗ?” ಬಾಳತ್ತಿ ನೀಲವ್ವನ ಕೈಯನ್ನು ಬಿಗಿಯಾಗಿ ಹಿಡಿದಳು. ಆಮೇಲೆ ನನ್ನ ಹೆಸರು ಹಿಡಿಯದೆ, ನಾನು ಅಲ್ಲಿಲ್ಲವೇನೋ ಅನ್ನುವಂತೆ ನೀಲವ್ವನಿಗೇ ಹೇಳಿದಳು: “ಅಲ್ಲಿ ಹೋಗಿ, ಕಣ್ಣ ಹೋತು ಅಂತ ಅವರು ಹೇಳಿಬಿಟ್ರ? ಈಗೇನು, ನಾ ನೋಡ್ತೇನಂತ ಇಂವ ಬರೀತಾನ. ಬರೀಬೇಕಂತ ಬರ್ತಾನ. ಕಾಣೂದಿಲ್ಲಂತ ಖಾತ್ರಿ ಆದ್ರ ಎದಕ ಬರೀತಾನ? ಎದಕ ಬರ್ತಾನ?”

ನಾನು ಹೋಗಿ ಆಕೆಯ ಬಗಲಿಗೆ ಕುಳಿತೆ. ಸುಣ್ಣ ಹತ್ತಿದ ನನ್ನ ಕೈಯನ್ನು ಆಕೆಯ ತೊಡೆಯ ಮೇಲಿಟ್ಟೆ. ಆಕೆ ಅದನ್ನು ತಡವಿ, “ಕೈ ಸುಟ್ಟಾವು, ತೊಳಕೋ,” ಅಂದಳು. ಅಷ್ಟೊತ್ತಿಗೆ ನೀಲವ್ವ ಎದ್ದು ಸಿದ್ರಾಮನಿಗೆ ಕೂಗಿ ಹೇಳುತ್ತಿದ್ದಳು, ನಾಳೆ ಮುಂಜಾನೆ ಚಕ್ಕಡಿ ಹೂಡಬೇಕು, ಮಿರಜಿಯ ರೈಲು ಹಿಡಿಯಲು ಘಟಪ್ರಭಾ ಠೇಸನಿಗೆ. ನಮ್ಮಿಬ್ಬರನ್ನೂ ಅವಳು ಏನೂ ಕೇಳಲಿಲ್ಲ.

ಮಿರಜಿಯ ಡಾಕ್ಟರರು ಬಾಳತ್ತಿಯ ಕಣ್ಣಿಗೆ ದೀಪ ಹಿಡಿದು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬದುಕಿನಲ್ಲಿ ಯಾವ ಹಕ್ಕಿಯನ್ನೂ ಅಷ್ಟು ಸೂಕ್ಷ್ಮವಾಗಿ ನೋಡಿದವನಲ್ಲ. ಅವರು ದೀಪ ಕೆಳಗಿಟ್ಟು ಮರಾಠಿಯ ಧಾಟಿಯ ಕನ್ನಡದಲ್ಲಿ ಹೇಳಿದರು, “ಪೊರಿ ಪೂರಾ ಬಲತೈತಿ. ಮೊದಲ ಬಂದಿದ್ರ ಬಲೀಲಿ ತಡೀರಿ ಅಂತ ನಾವ ತಿರುಗಿ ಕಳಸ್ತಿದ್ವಿ. ಬರೋಬರಿ ಟಾಯಮಕ್ಕ ಬಂದೀರಿ.”

ಬಾಳತ್ತಿ ನನ್ನ ಕಡೆ ತಿರುಗಿ, ಅಂದರೆ ನಾನಿದ್ದೇನೆಂದು ತಿಳಿದ ಕಡೆ ತಿರುಗಿ ಅಂದಳು, “ಕೇಳಿದಿ? ನಾ ಸುಮ್ಮ ತಡಾ ಮಾಡಿಲ್ಲ.”

ಪೊರೆ ತೆಗೆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಟ್ಟು, ಅಲ್ಲಾಡಬಾರದು, ಕೆಮ್ಮಬಾರದು, ನಗಬಾರದು ಎಂದು ಹೇಳಿದರು. ನಗಬಾರದು ಅಂದಿದ್ದೇ ಕಷ್ಟವಾಯಿತು. ಬಾಳತ್ತಿ ತನ್ನ ಅಂಗೈ ಚಾಚಿ, “ಬರಿ,” ಅಂದಳು. ನಾನು ಬೆರಳಿಂದ ಅಂಗೈ ಮೇಲೆ ಗೆರೆ ಎಳೆದೆ. “ಕುಂಬಳಕಾಯಿ,” ಅಂದಳು. ಗಿಣಿ ಅದು. ಮತ್ತೊಂದು ಬರೆದೆ. “ಸಿದ್ರಾಮ,” ಅಂದಳು. ಅದು ಗೂಗೆ. ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು. ಬಾಳತ್ತಿ ತುಟಿ ಬಿಗಿದುಕೊಂಡು, ಹೊಟ್ಟೆ ಮಾತ್ರ ಕುಣಿಸುತ್ತ, ತಲೆ ಅಲ್ಲಾಡದಂತೆ ನಕ್ಕಳು.

ಪಟ್ಟಿ ಬಿಚ್ಚಿದ ದಿನ ಆಕೆಗೆ ಬೆಳಕು ಬಂತು. ನಾವು ಆಕೆಯ ಕಣ್ಣಿಗೆ ಬಂದದ್ದು ಮುಂದೆ ಚಷ್ಮಾ ಬಂದ ದಿನ. ಸೋಡಾ ಬಾಟಲಿಯ ತಳದಂಥ ಗಾಜು, ಕಿವಿಗೆ ದಾರ ಕಟ್ಟಿಕೊಳ್ಳಬೇಕು. ಆಕೆ ಹಾಕಿಕೊಂಡು ಮೊದಲು ತನ್ನ ಕೈ ನೋಡಿಕೊಂಡಳು, ಹಿಂದೆ ಮುಂದೆ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಆ ಗಾಜಿನ ಹಿಂದೆ ಆಕೆಯ ಕಣ್ಣು ಎಷ್ಟು ದೊಡ್ಡದಾಗಿ ಕಂಡಿತೆಂದರೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ಎಷ್ಟ ಸೊರಗೀಯೋ ಗುರ್ಯಾ!” ಅಂದಳು. “ನೀಲಾ, ಇಂವಗ ಉಣ್ಣಾಕ ಹಾಕಾಂಗಿಲ್ಲೇನು ನೀನು?”

ನೀಲವ್ವ ಅಳುತ್ತ ನಗುತ್ತ ಆಕೆಯ ಮುಂದೆ ಹೋಗಿ ನಿಂತಳು. ಬಾಳತ್ತಿ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು, ಹಿಂದೆ ನನ್ನ ಚಿತ್ರಗಳನ್ನು ತಿರುಗಿಸುತ್ತಿದ್ದ ಹಾಗೆ. ತುಟಿ ಒತ್ತಿಕೊಂಡು ನೋಡಿದಳು. ಏನು ಓದಿದಳೋ, ನಮಗೆ ಹೇಳಲಿಲ್ಲ. ಅವಳ ತಲೆಯ ಮೇಲೆ ಕೈಯಾಡಿಸಿ ಬಿಟ್ಟಳು.

ತುಕ್ಕಾನಟ್ಟಿಗೆ ಬಂದಿಳಿದವಳೇ ಹಿತ್ತಲಿಗೆ ಹೋದಳು. ನಾನು ಹಿಂದೆ ಹಿಂದೆ ಹೋದೆ. ನನ್ನ ಬದುಕಿನ ಅತಿ ದೊಡ್ಡ ಪರೀಕ್ಷೆ ಅದು. ದನದ ಮನೆಯ ಗೋಡೆಯ ಮೇಲೆ ನವಿಲು ಇನ್ನೂ ಇತ್ತು. ಅದರ ಬಾಲದ ಹತ್ತಿರ ಎಮ್ಮೆ ಮೈ ಉಜ್ಜಿ ಅರ್ಧ ಅಳಿಸಿತ್ತು. ಬಾಳತ್ತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಹತ್ತಿರ ಹೋಗಿ ನೋಡಿದಳು. ದೂರ ಬಂದು ನೋಡಿದಳು.

“ಇದು ನವಲೇನೋ?”

“ಹೂಂ ಅತ್ತಿ.”

“ಹಿಂದ ಬರದವೂ ಹಿಂಗ ಇದ್ದೂವೇನು?”

“ಹಿಂಗ ಇದ್ದೂವು.”

ಆಕೆ ನಗಲು ಸುರುಮಾಡಿದಳು. ಈಗ ನಗಬಾರದೆಂದು ಹೇಳುವವರು ಯಾರೂ ಇರಲಿಲ್ಲ. ನಕ್ಕು ನಕ್ಕು ಚಷ್ಮಾ ತೆಗೆದು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಮೋರೆ ನೋಡಿ ಪಾಪ ಅನ್ನಿಸಿರಬೇಕು, ಬೆನ್ನ ಮೇಲೆ ಕೈಯಿಟ್ಟಳು. “ಬ್ಯಾಸರ ಮಾಡ್ಕೋಬ್ಯಾಡ. ನನಗ ಕಂಡದ್ದು ಇದಕ್ಕಿಂತ ಭಾಳ ಛಲೋ ಇತ್ತೋ,” ಅಂದಳು.

ನಾನು ಎಷ್ಟೋ ವಿಮರ್ಶೆ ಕೇಳಿದ್ದೇನೆ. ಅದಕ್ಕಿಂತ ದೊಡ್ಡ ಮಾತನ್ನು ಯಾರೂ ನನಗೆ ಹೇಳಿಲ್ಲ.

ಆದರೆ ಚಿತ್ರಕಾರನ ಹುರುಪು ಸುಲಭಕ್ಕೆ ಇಳಿಯುವಂಥದ್ದಲ್ಲ. ಈಗ ಕಣ್ಣು ಬಂದಿದೆ, ಈಗ ಸರಿಯಾದ ಚಿತ್ರವೊಂದನ್ನು ಬರೆದು ತೋರಿಸಲೇಬೇಕು ಅನ್ನಿಸಿತು. ಗೋಕಾವಿಗೆ ಹೋಗಿ ಮಾಳಿಗೆ ಹತ್ತಿದೆ. ಹಳೆಯ ಸಣ್ಣ ಟಾಕು ಕೈಗೆ ಹೊಂದಲೇ ಇಲ್ಲ. ದಪ್ಪ ಗೆರೆ, ಅದರೊಳಗೆ ಅಲ್ಲಲ್ಲಿ ಬಣ್ಣ, ಹೀಗೆ ಒಂದು ದಾರಿ ಹುಡುಕಿಕೊಂಡೆ. ಬಣ್ಣವನ್ನು ನಮ್ಮೂರಿನ ಕಟ್ಟಿಗೆ ಗೊಂಬೆ ಮಾಡುವವರ ಓಣಿಯಿಂದ ಬೇಡಿ ತಂದೆ. ಜೋಳದ ತೆನೆಯ ಮೇಲೆ ಕುಳಿತ ಒಂದು ಗುಲಾಬಿ ಮೈಯ ಹಕ್ಕಿ. ಚಳಿಗಾಲಕ್ಕೆ ಹಿಂಡು ಹಿಂಡಾಗಿ ಎಲ್ಲಿಂದಲೋ ಬರುತ್ತವಲ್ಲ, ರೈತರು ಬೈಯುತ್ತಾರಲ್ಲ, ಅದೇ ಹಕ್ಕಿ. ದಪ್ಪ ರಟ್ಟಿನ ಮೇಲೆ ಬರೆದೆ, ಅಳಿಸಿ ಅಳಿಸಿ ಮತ್ತೆ ಬರೆದೆ. ಮುಗಿದಾಗ ನೀಲವ್ವ ನೋಡಿ, “ಇದು ಹಾರೀತರಿ, ಮುಚ್ಚಿಡ್ರಿ,” ಅಂದಳು. ಇನ್ನೇನು ಬೇಕು? ಬಟ್ಟೆಯಲ್ಲಿ ಸುತ್ತಿ ತುಕ್ಕಾನಟ್ಟಿಗೆ ಹೊರಟೆ.

ಬಾಳತ್ತಿ ಮನೆಯಲ್ಲಿರಲಿಲ್ಲ. ಹೊಲದಲ್ಲಿದ್ದಾಳೆ ಎಂದು ಗೊತ್ತಾಯಿತು. ಬದುವಿನ ಮೇಲೆ ಸಿದ್ರಾಮ ಕವಣೆ ಕೈಯಲ್ಲಿ ಹಿಡಿದು, ಕಲ್ಲಿಲ್ಲದೆ, ಪೆಚ್ಚಾಗಿ ಕುಳಿತಿದ್ದ.

“ಅಣ್ಣಾರ, ನೀವರ ಹೇಳ್ರಿ. ಅಕ್ಕಾರು ಹಕ್ಕಿ ಹೊಡ್ಯಾಕ ಬಿಡವಲ್ರು. ದಿನಾ ಮುಂಜಾನಿಂದ ಇಲ್ಲೇ ಕುಂದರ್ತಾರ. ನೋಡೂದು ಮುಗೀಲಿ ತಡಿ ಅಂತಾರ. ಎಂದ ಮುಗೀತೈತ್ರಿ ಅದು?”

ಜೋಳ ಆಳೆತ್ತರ ನಿಂತಿತ್ತು. ತೆನೆಗಳ ಮೇಲೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. ನಡುವಿನ ಕಲ್ಲುಗುಂಪಿಯ ಮೇಲೆ ಬಾಳತ್ತಿ ಕುಳಿತಿದ್ದಳು, ಮೋರೆ ಮುಂದೆ ಚಾಚಿ, ಚಷ್ಮಾದ ದಾರ ಗಾಳಿಗೆ ಹಾರುತ್ತಿತ್ತು. ನಾನು ಮೆಲ್ಲಗೆ ಹೋಗಿ ಬಗಲಲ್ಲಿ ನಿಂತು ಬಟ್ಟೆ ಬಿಚ್ಚಿದೆ.

“ಅತ್ತಿ, ಹೊಸ ಚಿತ್ರಾ ತಂದೇನಿ.”

“ಶ್! ಮಾತಾಡಬ್ಯಾಡ.”

ಆಕೆ ಕಣ್ಣು ತೆಗೆಯಲಿಲ್ಲ. ಎದುರಿನ ತೆನೆಯ ಮೇಲೆ ಒಂದು ಗುಲಾಬಿ ಮೈಯ ಹಕ್ಕಿ ಇಳಿದು ತೂಗುತ್ತಿತ್ತು. ಬಿಸಿಲು ಆ ಗಾಜಿನೊಳಗೆ ಹೊಕ್ಕು ಆಕೆಗೆ ಕುಕ್ಕುತ್ತಿತ್ತು ಅಂತ ಕಾಣುತ್ತದೆ. ನನ್ನ ಕಡೆ ಕೈ ಚಾಚಿದಳು. ರಟ್ಟನ್ನು ಕೊಟ್ಟೆ. ಆಕೆ ಅದನ್ನು ನೋಡದೆಯೇ ಎತ್ತಿ ಹಣೆಗೆ ಅಡ್ಡ ಹಿಡಿದಳು, ಬಿಸಿಲಿಗೆ ಮರೆಯಾಗಿ.

“ಹಾಂ. ಈಗ ಬರೋಬರಿ ಕಾಣಾಕತ್ತು,” ಅಂದಳು.

ನನ್ನ ಚಿತ್ರದ ಮೋರೆ ಆಕಾಶದ ಕಡೆಗಿತ್ತು. ನಾನು ಸದ್ದು ಮಾಡದೆ ಆಕೆಯ ಬಾಜೂ ಕುಳಿತೆ. ಆಕೆ ರಟ್ಟನ್ನು ಸ್ವಲ್ಪ ನನ್ನ ಕಡೆಗೂ ಸರಿಸಿದಳು, ನನ್ನ ಕಣ್ಣಿಗೂ ನೆರಳು ಬೀಳಲೆಂದು.